ಹೆದರುವ ಮರಿನಾಯಿಯನ್ನು ಗೇಟು ದಾಟಿಸುವುದು ಹೇಗೆ?

ತ್ರಾಸಿಯಲ್ಲಿ ನಮ್ಮ ಮನೆಯಿಂದ ರಾಷ್ಟ್ರೀಯ ಹೆದ್ದಾರಿ 66 ದೂರವಿಲ್ಲ. ತೋಟದ ಕಾವಲಿಗೆಂದು ತಂದ 6 ತಿಂಗಳ ಊರುನಾಯಿ ಕರಿಯ, ಲಾರಿ ಹಾರನ್ ಕೇಳಿದರೆ ಸಾಕು, ಬಾಲ ಮಡಚಿ ಕೂತುಬಿಡ್ತಿತ್ತು. ನಾನು ಹಗ್ಗ ಹಿಡಿದು ಎಳೆದೆ. ಒಂದು ದಿನ ಕುತ್ತಿಗೆಪಟ್ಟಿಯಿಂದ ತಲೆ ಜಾರಿಸಿಕೊಂಡು ರಸ್ತೆಗೇ ಓಡಿತು. ಲಾರಿಯವರು ಬ್ರೇಕ್ ಹಾಕಿದ್ದಕ್ಕೆ ಉಳೀತು. “ಎಳ್ದ್ರೆ ಹೆದ್ರಿಕಿ ಹೋತ್ತಾ ಮಗಾ?” ಅಂತ ಅಮ್ಮ ಬೈದರು.

ಆಮೇಲೆ ಕ್ರಮ ಬದಲಿಸಿದೆ. ಜಾರದಂತೆ ಎದೆಗೆ ಕಟ್ಟುವ ಬೆಲ್ಟ್ ತಂದೆ. ಮೊದಲ ವಾರ ಅಂಗಳದಲ್ಲೇ ಓಡಾಟ. ಎರಡನೇ ವಾರ, ವಾಹನ ಕಡಿಮೆಯಿರುವ ಬೆಳಗಿನ ಹೊತ್ತು, ಗೇಟಿನ ತನಕ 5 ನಿಮಿಷ. ಲಾರಿ ಸದ್ದು ಕೇಳಿದಾಗಲೆಲ್ಲ ಮುಳ್ಳು ತೆಗೆದ, ಉಪ್ಪು ಹಾಕದೆ ಬೇಯಿಸಿದ ಮೀನಿನ ಚೂರು ಕೊಟ್ಟೆ. ನಾಯಿ ತಿನ್ನದಿದ್ದರೆ ಹೆದರಿಕೆ ಹೆಚ್ಚಾಗಿದೆ ಎಂದರ್ಥ. ರಸ್ತೆಯಿಂದ ಇನ್ನಷ್ಟು ಹಿಂದೆ ಸರಿಯಿರಿ. ಬೈಯಬೇಡಿ. ಹತ್ತಿರ ಬಂದರೆ ಮೈ ಸವರಿ, ಅದರಿಂದ ಅಭ್ಯಾಸ ಕೆಡುವುದಿಲ್ಲ.

ಹೊಸದಾಗಿ ಮರಿ ತರುವವರಿಗೆ ಒಂದು ಮಾತು: 3ರಿಂದ 14 ವಾರದೊಳಗೆ ಜನ, ದನ, ವಾಹನದ ಸದ್ದು ಪರಿಚಯಿಸಿ. ಲಸಿಕೆ ಮುಗಿಯುವ ತನಕ ಎತ್ತಿಕೊಂಡೇ ತೋರಿಸಿ.

ಎರಡು ತಿಂಗಳಾಯಿತು. ಕರಿಯ ಈಗ ಸಮುದ್ರದ ಬದಿಗೂ ಬರುತ್ತದೆ. ಹೆದ್ದಾರಿ ದಾಟುವಾಗ ಮಾತ್ರ ನನ್ನ ಕಾಲಿಗೆ ಅಂಟಿಕೊಳ್ಳುತ್ತದೆ. ಅಷ್ಟು ಹೆದರಿಕೆ ಇರಲಿ, ಒಳ್ಳೆಯದೇ.