ಸೋಯಾ ಮಾರಿದ 15 ಸಾವಿರ, ಮೈನಸ್ 30ರ ಚಳಿ: ಮೊದಲು ಏನು ತಗೋಬೇಕು?

ಈ ವಾರದ ಸಂಚಿಕೆ ಹುಟ್ಟಿದ್ದು ನಮ್ಮ ಮನೆ ಪಡಸಾಲೆಯಲ್ಲೇ. ಕಾಕಾನ ಮಗ ಓದಲಿಕ್ಕೆ ಕೆನಡಾದ ವಿನ್ನಿಪೆಗ್‌ಗೆ ಹೊಂಟಾನ, ಅದೂ ಜನವರಿಯಲ್ಲಿ. ಅಲ್ಲಿ ಆಗ ರಾತ್ರಿ ಮೈನಸ್ 20 ಅನ್ನೋದು ಮಾಮೂಲು, ಕೆಲವು ದಿನ ಮೈನಸ್ 30. ನಮ್ಮ ಕೊಡಂಬಲದಲ್ಲಿ 10 ಡಿಗ್ರಿಗೆ ಇಳಿದ್ರೆ ಸಾಕು, ಓಣಿಗೊಂದು ಬೆಂಕಿ ಹೊತ್ತುತದ. ಬಟ್ಟೆಗಂತ ಕಾಕಾ ಸೋಯಾ ಮಾರಿದ ದುಡ್ಡಿನಲ್ಲಿ 15 ಸಾವಿರ ತೆಗೆದಿಟ್ಟಿದ್ದರು. ತಮ್ಮ ಫೋನ್ ಹಿಡಕೊಂಡು ಬಂದು 14 ಸಾವಿರದ ಒಂದು ಜಾಕೆಟ್ ತೋರಿಸಿದ. "ಅಣ್ಣಾ, ಇದೊಂದಿದ್ರೆ ಸಾಕಲ್ಲ?"

ಸಾಲಂಗಿಲ್ಲ. ಯಾಕಂತ ಹೇಳ್ತೀನಿ.

ಬಟ್ಟೆ ಶಾಖ ಹುಟ್ಟಿಸೋದಿಲ್ಲ. ಶಾಖ ನಮ್ಮ ಮೈಯದೇ. ಅದು ಹೊರಗೆ ಹೋಗದಂಗ ಬಟ್ಟೆ ತಡೀತದ. ಹೆಚ್ಚಿನ ಕೆಲಸ ಮಾಡೋದು ನೂಲಿಗಿಂತ ಅದರ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ. ನಮ್ಮ ಕೌದಿ ನೋಡ್ರಿ. ಒಂದು ಹಳೇ ಸೀರೆ ಹೊದ್ದರೆ ಚಳಿ ನಿಲ್ಲೋದಿಲ್ಲ, ಅಂಥವೇ ನಾಲ್ಕೈದು ಪದರ ಇಟ್ಟು ಹೊಲಿದರೆ ನಿಲ್ತದ. ಪದರಗಳ ನಡುವಿನ ಗಾಳಿಯ ಲೆಕ್ಕ ಅದು.

ಆದರೆ ಆ ಗಾಳಿಯ ಜಾಗಕ್ಕೆ ನೀರು ಬಂತೋ, ಆಟ ಮುಗೀತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳಕೊಂಡು ಹೋಗ್ತದ. ಹೋದ ಡಿಸೆಂಬರ್‌ನಲ್ಲಿ ಹುಮನಾಬಾದ್ ಸ್ಟೇಷನ್‌ನಲ್ಲಿ ರೈಲು ತಪ್ಪತದ ಅಂತ ಬ್ಯಾಗ್ ಹೊತ್ತು ಓಡಿದೆ. ಮೇಲೆ ದಪ್ಪ ಜಾಕೆಟ್, ಒಳಗೆ ಹತ್ತಿ ಬನಿಯನ್. ಬನಿಯನ್ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತು. ಕಿಟಕಿ ಪಕ್ಕ ಕೂತ ಮೇಲೆ ನಡುಗಿದ್ದು ಇಷ್ಟಲ್ಲ. ಜಾಕೆಟ್ ಏನೂ ಮಾಡಲಿಲ್ಲ.

ಅದಕ್ಕೇ ಖರೀದಿ ಒಳಗಿನಿಂದ ಶುರು ಆಗಬೇಕು. ಮೈಗೆ ತಾಗೋದು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್. ಹತ್ತಿ ಬೇಡವೇ ಬೇಡ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರ್ತದ, ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯೋರಿಗೆ ಇದನ್ನ ಯಾರೂ ಕಲಿಸಬೇಕಿಲ್ಲ. ಎಲ್ಲಕ್ಕಿಂತ ಹೊರಗೆ ಗಾಳಿ, ಹಿಮ ತಡೆಯೋ ಜಾಕೆಟ್. ಅದು ಸಡಿಲ ಇರಬೇಕು, ಬಿಗಿ ಆದ್ರೆ ಒಳಗಿನ ಗಾಳಿಯೇ ಹಿಂಡಿಹೋಗ್ತದ. ಬೆವರು ಬರೋ ಮೊದಲೇ ಜಿಪ್ ತೆಗೀಬೇಕು, ಬಂದ ಮೇಲಲ್ಲ.

ಇನ್ನು ಎಲ್ಲರೂ ಮರೆಯೋ ಸಣ್ಣ ಸಾಮಾನು. ಗಾಳಿ ಬೀಸಿ ಚಳಿ ಮೈನಸ್ 30ರಷ್ಟು ಕೊರೆಯುವಾಗ ತೆರೆದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮೊದಲ ಪೆಟ್ಟು ಕಿವಿ, ಮೂಗು, ಬೆರಳಿಗೆ. ಐದೂ ಬೆರಳು ಬೇರೆ ಬೇರೆ ಇರೋ ಗ್ಲೌಸ್‌ಗಿಂತ ನಾಲ್ಕು ಬೆರಳು ಒಟ್ಟಿಗೆ ಇರೋ ಮಿಟನ್ ಬೆಚ್ಚಗೆ. ಬೂಟಿನೊಳಗೆ ಬೆರಳು ಆಡಬೇಕು. ಎರಡು ಜೊತೆ ಸಾಕ್ಸ್ ತುರುಕಿ ಬಿಗಿ ಮಾಡಿದ್ರೆ ರಕ್ತ ಸರಿಯಾಗಿ ಓಡಲ್ಲ, ಕಾಲು ಮತ್ತಷ್ಟು ತಣ್ಣಗಾಗ್ತದ.

ಸಣ್ಣದು ಅಂದೆನಲ್ಲ, ಬೂಟು ಕನ್ನಡಕದ ಕೊರತೆ ಸೈನ್ಯವನ್ನೂ ಬಿಟ್ಟಿಲ್ಲ. ಸಿಯಾಚಿನ್ ಹೆಸರು ನಮ್ಮ ಕಡೆ ಮನೆಮನೆಗೂ ಗೊತ್ತಾಗಿದ್ದು ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರಿಂದ. 2016ರ ಫೆಬ್ರುವರಿಯಲ್ಲಿ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಅದು ಹಿಮಕುಸಿತ, ಬಟ್ಟೆಯ ಮಾತು ಬೇರೆ. ಆದರೆ 2020ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಓದಿ (ಬಿಕಾಂ ಮಾಡಿದ ಚಟ ಇದು) ನಾನು ಸುಮ್ಮನೆ ಕೂತುಬಿಟ್ಟೆ. ಎತ್ತರದ ಪ್ರದೇಶದ ಯೋಧರಿಗೆ ಹಿಮದ ಕನ್ನಡಕದ ಕೊರತೆ ಶೇ 62ರಿಂದ 98. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹೊಸ ಬೂಟಿಲ್ಲದೆ ಇದ್ದ ಬೂಟನ್ನೇ ಮತ್ತೆ ಸರಿಮಾಡಿ ಬಳಸಿದ್ದರಂತೆ.

ತಮ್ಮನ ಲೆಕ್ಕ ಹೀಗಾಯ್ತು: ಎರಡು ಜೊತೆ ಥರ್ಮಲ್, ಒಂದು ಫ್ಲೀಸ್, ನಾಲ್ಕು ಜೊತೆ ಉಣ್ಣೆ ಸಾಕ್ಸ್, ಕಿವಿ ಮುಚ್ಚೋ ಟೋಪಿ, ಮಿಟನ್, ಇಳಿದ ದಿನಕ್ಕೆ ಸಾಲುವಂಥ ಗಾಳಿ ತಡೆಯೋ ಒಂದು ಜಾಕೆಟ್. ಉಳಿದ ದುಡ್ಡು ಹಂಗೇ ಕೈಯಲ್ಲಿ. ಬೂಟು, ದೊಡ್ಡ ಜಾಕೆಟ್ ಅಲ್ಲೇ ತಗೋಬೇಕು. ಅಲ್ಲಿನ ಚಳಿಗಂತಲೇ ಮಾಡಿದ್ದು, ಬಳಸಿದ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೂ ಸಿಗ್ತದ.

ನಿನ್ನೆ ಬ್ಯಾಗ್ ತೂಗಿದಾಗ ಎರಡೂವರೆ ಕಿಲೋ ಜಾಸ್ತಿ ಬಂತು. ತಳದಲ್ಲಿ ಕಾಕಿ ಕೌದಿ ಇಟ್ಟಿದ್ದಳು. ತಮ್ಮ ನನ್ನ ಮುಖ ನೋಡಿದ. ನಾನು ಅವನ ಎರಡು ಜೀನ್ಸ್ ಹೊರಗೆ ತೆಗೆದೆ. ಅವೂ ಹತ್ತಿಯವೇ ಅಲ್ಲೇನ್ರಿ.