ತಕ್ಕಡಿಯ ಪಕ್ಕದಲ್ಲಿ ಒಂದು ಪುಟ

ಮಂಗಳೂರಿನ ಜೆಪ್ಪು ಕಡೆಯಲ್ಲಿ ಒಂದು ಬಸ್ ಸ್ಟಾಪು. ಯಾವ ಸ್ಟಾಪು ಎಂದು ಕೇಳಬೇಡಿ, ಮಾತು ಕೊಟ್ಟಿದ್ದೇನೆ. ಬೆಳಿಗ್ಗೆ ಏಳೂಕಾಲಿಗೆ ಸ್ಟೇಟ್ ಬ್ಯಾಂಕಿನ ಬಸ್ಸಿಗೆ ಕಾಯುವಾಗ ಎದುರಿಗೆ ಕಾಣುವುದು ಒಂದು ದಿನಸಿ ಅಂಗಡಿ. ಆ ಹೊತ್ತಿಗೆ ಅದರ ಶಟರ್ ಅರ್ಧ ಮಾತ್ರ ಮೇಲೆ ಹೋಗಿರುತ್ತದೆ. ಯಾರಾದರೂ ಬಗ್ಗಿ “ಹಾಲುಂಟಾ?” ಎಂದರೆ ಒಳಗಿನಿಂದ ಉತ್ತರ ಬರುತ್ತದೆ: “ಐದು ನಿಮಿಷ ನಿಲ್ಲಿ ಮಾರಾಯ್ರೆ.”

ಐದು ನಿಮಿಷ ಆತ ಏನು ಮಾಡುತ್ತಾರೆ? ಪೂಜೆಯೇ ಎಂದುಕೊಂಡಿದ್ದೆ. ಊದುಬತ್ತಿಯ ವಾಸನೆ ಬರಲಿಲ್ಲ. ಒಂದು ದಿನ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಹೊತ್ತಿತ್ತು. ಬಗ್ಗಿ ಒಳಗೆ ಹೋದೆ.

ಅರವತ್ತು ದಾಟಿದ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಒಂದು ತೆಳ್ಳಗಿನ ಪುಸ್ತಕ ಓದುತ್ತಿದ್ದರು. ರಟ್ಟು ಹೋಗಿ, ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿದ ಪುಸ್ತಕ. ದಿನಕ್ಕೊಂದು ಪುಟ. ಮೇಲೆ ಬೈಬಲಿನ ಒಂದು ವಾಕ್ಯ, ಕೆಳಗೆ ಹತ್ತು ಹದಿನೈದು ಸಾಲಿನ ವಿವರಣೆ, ಕೊನೆಗೆ ಎರಡು ಸಾಲಿನ ಪ್ರಾರ್ಥನೆ. ಮುಗಿಸಿ ಪುಸ್ತಕವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕಕ್ಕೆ, ಸಾಲದ ಪುಸ್ತಕದ ಮೇಲೆ ಇಟ್ಟರು. ಶಟರ್ ಪೂರ್ತಿ ಎತ್ತಿದರು.

“ಇದು ನಮ್ಮ ತಂದೆಯ ಪುಸ್ತಕ” ಎಂದರು. “ಇಸವಿ ಇಲ್ಲ ಇದಕ್ಕೆ. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದು. ಮುಗಿದ್ರೆ ಪುನಃ ಶುರು.”

ಇಂಥ ಪುಸ್ತಕಗಳ ಮೂಲ ಹುಡುಕಹೊರಟರೆ ದೂರ ಹೋಗಬೇಕಾಗುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಇಂಥ ಹುಡುಕಾಟದ ಚಟ ಜಾಸ್ತಿ. ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಹೆರ್ನ್‌ಹೂಟ್ ಎಂಬ ಸಣ್ಣ ಊರು. ಧರ್ಮದ ಕಾರಣಕ್ಕೆ ಊರು ಬಿಟ್ಟು ಬಂದ ಬಡಗಿ, ನೇಕಾರರಂಥ ಜನ ಅಲ್ಲಿ ನೆಲೆಸಿದ್ದರು. ಜಾಗ ಕೊಟ್ಟವನು ಜಿನ್ಜೆನ್‌ಡಾರ್ಫ್ ಎಂಬ ಜಮೀನ್ದಾರ. 1728ರ ಮೇ ತಿಂಗಳ ಒಂದು ಸಂಜೆ ಆತ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟ. ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ಒಬ್ಬರು ಆ ದಿನದ ವಾಕ್ಯ ಹಿಡಿದು ಮನೆ ಮನೆಗೆ ಹೋಗಿ ಹೇಳಿ ಬರುವುದು. ಹೇಳಿದವರು ಆ ಮನೆಯಲ್ಲಿ ಯಾರಿಗೆ ಜ್ವರ, ಯಾರಿಗೆ ಕೆಲಸವಿಲ್ಲ ಎಂದು ನೋಡಿಯೂ ಬರುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತಿದೆ. ಒಂದು ವರ್ಷವೂ ತಪ್ಪಿಲ್ಲ. ಇವತ್ತಿಗೂ ಅಲ್ಲಿ ಚೀಟಿ ಎತ್ತಿಯೇ ದಿನದ ವಾಕ್ಯ ಆರಿಸುತ್ತಾರೆ. ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ಹೊರಡುತ್ತದೆ.

ಇನ್ನೊಂದು ಪುಸ್ತಕದ ಕತೆ ಬೇರೆ. ಆಸ್ವಾಲ್ಡ್ ಚೇಂಬರ್ಸ್ ಎಂಬ ಸ್ಕಾಟ್ಲೆಂಡಿನ ಉಪದೇಶಕ ಮೊದಲ ಮಹಾಯುದ್ಧದ ಕಾಲದಲ್ಲಿ ಈಜಿಪ್ಟಿನಲ್ಲಿದ್ದ ಸೈನಿಕರಿಗೆ ಉಪನ್ಯಾಸ ಕೊಡುತ್ತಿದ್ದವರು. 1917ರಲ್ಲಿ ಅಪೆಂಡಿಕ್ಸ್ ಆಪರೇಶನ್ ಆದ ಮೇಲೆ ತೀರಿಕೊಂಡರು. ವಯಸ್ಸು ನಲವತ್ತಮೂರು. ಹೆಂಡತಿಗೆ ಶಾರ್ಟ್‌ಹ್ಯಾಂಡ್ ಬರುತ್ತಿತ್ತು. ಗಂಡ ಮಾತಾಡುವಾಗೆಲ್ಲ ಹಿಂದೆ ಕೂತು ಬರೆದುಕೊಂಡಿದ್ದರು. ಆಮೇಲೆ ಪುಟ್ಟ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದು, ಆಕ್ಸ್‌ಫರ್ಡಿನಲ್ಲಿ ಕಾಲೇಜು ಹುಡುಗರಿಗೆ ಊಟ ವಸತಿಯ ಮನೆ ನಡೆಸುತ್ತಾ, ಬಿಡುವಾದಾಗ ಆ ಗೀಚುಗಳನ್ನು ಟೈಪ್ ಮಾಡಿ ದಿನಕ್ಕೊಂದು ಪುಟದಂತೆ ಜೋಡಿಸಿದರು. 1927ರಲ್ಲಿ ಪುಸ್ತಕ ಹೊರಬಂತು. ಇವತ್ತೂ ಖರ್ಚಾಗುತ್ತದೆ. ಲೇಖಕನ ಹೆಸರು ಗಂಡನದ್ದೇ. ಅನ್ನ ಬೇಯಿಸಿ, ಬಾಡಿಗೆ ಲೆಕ್ಕ ಬರೆದು, ಅದರ ನಡುವೆ ಪುಸ್ತಕ ಕಟ್ಟಿದ ಹೆಂಗಸಿನ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಜೆಪ್ಪುವಿಗೆ ವಾಪಸು ಬರೋಣ. ಇಲ್ಲಿ ಧರ್ಮವೂ ದುಡಿಮೆಯೂ ಅಕ್ಕಪಕ್ಕ ಬೆಳೆದದ್ದು ಹಳೇ ಸಂಗತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಶಾಲೆ ತೆರೆದರು, ಅಚ್ಚುಕೂಟ ಹಾಕಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ನಮ್ಮಂಥ ಪೇಪರಿನವರಿಗೆಲ್ಲ ಅದೇ ಮುತ್ತಜ್ಜ. ಕ್ರೈಸ್ತರಾದವರು ಮನೆ, ಬಂಧು, ಕಸುಬು ಎಲ್ಲ ಕಳೆದುಕೊಂಡು ಬಂದು ನಿಂತಾಗ, ಬರೀ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗೊತ್ತಾಯಿತು. ನೇಯ್ಗೆ ಬಂತು, 1865ರಲ್ಲಿ ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಬಂತು. ನಮ್ಮ ಯಜಮಾನರ ಅಜ್ಜ ಆ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರಂತೆ.

“ಅಜ್ಜ ಮಣ್ಣು ಹೊತ್ರು, ತಂದೆ ಅಂಗಡಿ ಹಾಕಿದ್ರು. ನಾನು ಕದ್ದೆ” ಎಂದರು ಯಜಮಾನರು.

ನನ್ನ ಕೈಯಲ್ಲಿದ್ದ ಚಹಾ ಹಾಗೇ ನಿಂತಿತು.

ಅವರು ಬಗ್ಗಿ ಗಲ್ಲಾದ ಕೆಳಗಿನಿಂದ ಒಂದು ಕಬ್ಬಿಣದ ತೂಕದ ಕಲ್ಲು ತೆಗೆದು ಮೇಜಿನ ಮೇಲಿಟ್ಟರು. ಎರಡು ಕಿಲೋದ್ದು. ತಿರುಗಿಸಿ ತೋರಿಸಿದರು. ಅಂಥ ಕಲ್ಲಿನ ಅಡಿಯಲ್ಲಿ ಒಂದು ತೂತು, ಅದರಲ್ಲಿ ಸೀಸ ತುಂಬಿ ಅದರ ಮೇಲೆ ಸರಕಾರದ ಮುದ್ರೆ ಇರುತ್ತದೆ ಎಂಬುದು ಹಳೇ ವ್ಯಾಪಾರಿಗಳಿಗೆ ಗೊತ್ತಿದ್ದದ್ದೇ. ಈ ಕಲ್ಲಿನ ಸೀಸವನ್ನು ಯಾರೋ ಕೊರೆದು ತೆಗೆದಿದ್ದರು.

“ಐವತ್ತು ಗ್ರಾಂ ಕಮ್ಮಿ. ಇಂಥದ್ದೇ ಇನ್ನೊಂದು ಸರಿಯಾದ ಕಲ್ಲಿತ್ತು. ಮುದ್ರೆ ಹಾಕಿಸುವ ದಿನ ಅದನ್ನು ತಕೊಂಡು ಹೋಗುವುದು. ಅಂಗಡಿಯಲ್ಲಿ ಇದನ್ನು ಇಡುವುದು.”

ಮೂವತ್ತೈದು ವರ್ಷದ ಹಿಂದಿನ ಮಾತು. ತಂದೆ ಆಗ ತಾನೇ ತೀರಿಕೊಂಡಿದ್ದರು, ತಂಗಿಯ ಮದುವೆಯ ಸಾಲವಿತ್ತು, ಪೇಟೆಯಲ್ಲಿ ಇದು ಎಲ್ಲರೂ ಮಾಡುವುದು ಎಂದು ಯಾರೋ ಧೈರ್ಯ ಹೇಳಿದ್ದರು. ಅಂಗಡಿ ತೆರೆಯುವ ಮೊದಲು ಪುಟ ಓದುವುದು ತಂದೆಯ ಕ್ರಮ, ಅದನ್ನು ಇವರು ಬಿಡಲಿಲ್ಲ. ಹಾಗೆ ಓದುತ್ತಾ ಒಂದು ದಿನ ಧರ್ಮೋಪದೇಶಕಾಂಡದ ಇಪ್ಪತ್ತೈದನೇ ಅಧ್ಯಾಯದ ಪುಟ ಬಂತು. ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು, ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಎನ್ನುವ ಜಾಗ ಅದು. ಆ ಕಾಲದ ವ್ಯಾಪಾರಿಗಳು ಕಲ್ಲುಗಳನ್ನು ಚೀಲದಲ್ಲಿ ಹಾಕಿಕೊಂಡು ತಿರುಗುತ್ತಿದ್ದರು. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ಪುಸ್ತಕದ ವಿವರಣೆಯಲ್ಲಿ ಅದೆಲ್ಲ ಬರೆದಿತ್ತಂತೆ.

“ಓದಿದ ಮೇಲೆ ಏನು ಮಾಡಿದ್ರಿ?”

“ಶಟರ್ ಎತ್ತಿದೆ. ವ್ಯಾಪಾರ ಮಾಡಿದೆ. ಅದೇ ಕಲ್ಲಲ್ಲಿ.” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮರುವರ್ಷ ಅದೇ ತಾರೀಕಿಗೆ ಅದೇ ಪುಟ ಬಂತಲ್ಲ! ಆಗಲೂ ಓದಿದೆ. ಅದರ ಮರುವರ್ಷ ಆ ಪುಟ ಬರ್ತದೆ ಅಂತ ಗೊತ್ತಿತ್ತು ನೋಡಿ, ಅವತ್ತು ಬೇಗ ಬೇಗ ಓದಿ ಮುಗಿಸಿದೆ.”

ಓದುಗರೇ, ನಗಬೇಡಿ. ನಾನೂ ನಗಲಿಲ್ಲ, ಕಾರಣ ಉಂಟು. ಅದಕ್ಕೆ ಒಂದು ವಾರದ ಹಿಂದೆ ಸಿಟಿ ಬಸ್ಸಿನಲ್ಲಿ ನೂರರ ನೋಟು ಕೊಟ್ಟಿದ್ದೆ. ನೂಕುನುಗ್ಗಲಿನಲ್ಲಿ ಕಂಡಕ್ಟರ್ ಇನ್ನೂರಕ್ಕೆ ಲೆಕ್ಕ ಹಾಕಿ ಚಿಲ್ಲರೆ ಕೊಟ್ಟ. ಕೈಯಲ್ಲಿ ಎಣಿಸಿದೆ, ಜೇಬಿಗೆ ಹಾಕಿದೆ, ಇಳಿದೆ. ಕಮ್ಮಿ ಬಿದ್ದದ್ದನ್ನು ರಾತ್ರಿ ಲೆಕ್ಕ ಒಪ್ಪಿಸುವಾಗ ಆ ಹುಡುಗನೇ ಕೈಯಿಂದ ಕಟ್ಟಬೇಕು, ಅದೂ ಗೊತ್ತಿತ್ತು. ಅದೇ ದಿನ ಆಫೀಸಿನಲ್ಲಿ ಕೂತು ನಾನು ಬರೆದ ಸುದ್ದಿಯ ತಲೆಬರಹ ಏನು ಗೊತ್ತೇ? ‘ಸರ ಹಿಂದಿರುಗಿಸಿ ಪ್ರಾಮಾಣಿಕತೆ ಮೆರೆದ ಆಟೋ ಚಾಲಕ’!

ಹಾಗಾದರೆ ಆ ಕಲ್ಲು ಗಲ್ಲಾದ ಕೆಳಗೆ ಹೋದದ್ದು ಹೇಗೆ? ಪುಟ ಓದಿ ಅಲ್ಲ ಎಂದು ಯಜಮಾನರೇ ಹೇಳುತ್ತಾರೆ.

ಬೀಡಿ ಕಟ್ಟುವ ಒಬ್ಬ ಹೆಂಗಸು ಅವರ ಗಿರಾಕಿ. ಗಂಡ ಇಲ್ಲ, ಮೂರು ಮಕ್ಕಳು. ಬೀಡಿಯ ಮಜೂರಿ ಸಿಕ್ಕಿದಾಗೆಲ್ಲ ಎರಡು ಕಿಲೋ ಕುಚ್ಚಲಕ್ಕಿ, ತಿಂಗಳಿಗೆ ಹತ್ತು ಸಲ. ಒಂದು ದಿನ ಅಕ್ಕಿ ಕಟ್ಟಿಸಿಕೊಳ್ಳುವಾಗ ಆಕೆ ಮಾಮೂಲಿ ಕಷ್ಟಸುಖದಂತೆ ಹೇಳಿದಳಂತೆ: “ಅಣ್ಣಾ, ನಾನು ಲೆಕ್ಕ ಹಾಕಿ ಪಾವಲ್ಲಿ ಅಳೆದೇ ಅಕ್ಕಿ ಹಾಕುವುದು. ಆದ್ರೂ ತಿಂಗಳ ಕೊನೆಗೆ ಒಂದು ದಿನದ್ದು ಸಾಲುವುದಿಲ್ಲ. ದೊಡ್ಡವ ಕದ್ದು ಯಾರಿಗೋ ಮಾರ್ತಾನೆ ಅಂತ ನಿನ್ನೆ ಹೊಡೆದೆ. ಬೆನ್ನಲ್ಲಿ ಬಾಸುಂಡೆ ಬಂದದೆ. ಒಪ್ಪಿಕೊಳ್ಳುವುದೇ ಇಲ್ಲ ಹಾಳಾದವ.”

ಹತ್ತು ಸಲ ಐವತ್ತು ಗ್ರಾಂ ಅಂದರೆ ಅರ್ಧ ಕಿಲೋ. ಒಂದು ದಿನದ ಗಂಜಿ. ಯಜಮಾನರಿಗೆ ಲೆಕ್ಕ ತಕ್ಷಣ ಸಿಕ್ಕಿತು. ಬಾಯಿ ಕಟ್ಟಿತು. ಅವತ್ತೂ ಅದೇ ಕಲ್ಲಿನಲ್ಲಿ ತೂಗಿ ಕೊಟ್ಟು ಕಳಿಸಿದರು.

ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಪುಸ್ತಕ ತೆರೆದರೆ ಆ ದಿನದ ಪುಟ ಬೇರೇನೋ ವಿಷಯದ್ದು, ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಓದದೆ ಮಡಚಿಟ್ಟರಂತೆ. ಬಲಿಪೀಠದ ಮುಂದೆ ಕಾಣಿಕೆ ತಂದಾಗ ಅಣ್ಣತಮ್ಮನಿಗೆ ನಿನ್ನ ಮೇಲೆ ಏನೋ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂಬರ್ಥದ ಮಾತು ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಉಂಟು. ಅದು ನೆನಪಿಗೆ ಬಂತು. ಐದು ಕಿಲೋ ಅಕ್ಕಿ ಹಿಡಿದು ಆಕೆಯ ಮನೆಗೆ ಹೋದರು.

“ಹೇಳಿದೆ. ಪೂರ್ತಿ ಹೇಳಿದೆ.”

“ಆಕೆ ಏನಂದ್ರು?”

“ಅಕ್ಕಿ ಚೀಲ ಅಂಗಳಕ್ಕೆ ಎಸೆದಳು. ಹೋಗಿ ಅಣ್ಣಾ ಅಂದಳು. ಬೈದಿದ್ರೆ ಆಗ್ತಿತ್ತು. ಬೈಲಿಲ್ಲ. ಒಳಗೆ ಹೋಗಿ ಮಗನನ್ನು ಹಿಡ್ಕೊಂಡು ಕೂತಳು.”

ಸುದ್ದಿ ಕೇರಿಯಲ್ಲಿ ಹಬ್ಬಿತು. ತಪ್ಪು ಒಪ್ಪಿಕೊಂಡ ವ್ಯಾಪಾರಿಗೆ ಜನ ಮಾಲೆ ಹಾಕಿದರು ಎಂದು ಬರೆಯಲು ನನಗೂ ಆಸೆ. ಆದರೆ ಆದದ್ದು ಹಾಗಲ್ಲ. ಎರಡು ವರ್ಷ ಗಿರಾಕಿಗಳು ಅರ್ಧಕ್ಕರ್ಧ ಬಿಟ್ಟರು. ಕೆಲವರು ಹಳೇ ಸಾಲ ಕೊಡುವುದಿಲ್ಲ ಎಂದರು, ನೀನು ತೂಕದಲ್ಲಿ ತಿಂದದ್ದಕ್ಕೆ ವಜಾ ಎಂದರು. ಇವರಿಗೆ ಎದುರು ಮಾತಾಡಲು ಬಾಯಿ ಇರಲಿಲ್ಲ. ಪಕ್ಕದ ಅಂಗಡಿಯವನು ಬೇರೆ ಬೈದ: “ನೀನು ಒಪ್ಪಿಕೊಂಡು ನಮ್ಮ ಕಲ್ಲನ್ನೂ ತಿರುಗಿಸಿ ನೋಡುವ ಹಾಗೆ ಮಾಡಿದೆ ಮಾರಾಯ!”

ಸುಂಕದ ಜಕ್ಕಾಯ ಮೋಸ ಮಾಡಿದವರಿಗೆ ನಾಲ್ಕರಷ್ಟು ಕೊಡುತ್ತೇನೆ ಎಂದ ಕತೆ ಲೂಕನ ಸುವಾರ್ತೆಯಲ್ಲಿದೆ. ಯಜಮಾನರು ಅದನ್ನೂ ಯೋಚಿಸಿದ್ದರಂತೆ. “ಜಕ್ಕಾಯನ ಹತ್ರ ಪಟ್ಟಿ ಇದ್ದಿರಬೇಕು. ನನ್ನ ಹತ್ರ ಎಲ್ಲಿ ಉಂಟು? ದಾರಿಯಲ್ಲಿ ಹೋಗುವವರು ಅಕ್ಕಿ ತಕೊಂಡು ಹೋದ್ರು. ಯಾರಂತ ಹುಡುಕ್ಲಿ?” ಅದಕ್ಕೆ ಅವರು ಕಂಡುಕೊಂಡ ದಾರಿ ಇಷ್ಟು: ಈಗಲೂ ಅಕ್ಕಿ ತೂಗಿ, ತಕ್ಕಡಿಯ ಅಂಕಿ ಸರಿಯಾದ ಮೇಲೆ ಇನ್ನೊಂದು ಹಿಡಿ ಹಾಕುತ್ತಾರೆ. ಅದನ್ನು ನಾನು ಬಹಳ ಸಲ ನೋಡಿದ್ದೆ. ಧಾರಾಳದ ಕೈ ಎಂದುಕೊಂಡಿದ್ದೆ.

ಈಗ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಅದಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಕಲ್ಲಿನ ಕೆಲಸ ಮುಗಿಯಿತಲ್ಲ, ಇದನ್ನೇಕೆ ಇಟ್ಟುಕೊಂಡಿದ್ದೀರಿ, ನೇತ್ರಾವತಿಗೆ ಎಸೆಯಬಾರದೇ ಎಂದು ಕೇಳಿದೆ. “ಎಸೆದ್ರೆ ಮರೀತೇನೆ” ಎಂದು ಮತ್ತೆ ಕೆಳಗಿಟ್ಟರು.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಚಾಲಕನಿಗೆ ನಲವತ್ತೈದು ಇರಬಹುದು. ಅರ್ಧ ಕಿಲೋ ಸಕ್ಕರೆ, ಚಹಾಪುಡಿ, ಒಂದು ಸೋಪು ಕೇಳಿದ. ಯಜಮಾನರು ತೂಗಿದರು, ಕಟ್ಟಿದರು. ಆತ ಹಣ ಸ್ಕ್ಯಾನ್ ಮಾಡಿ ಹೊರಟ. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಯಜಮಾನರು ಸಣ್ಣ ಸ್ವರದಲ್ಲಿ ಹೇಳಿದರು, “ಅವನೇ. ದೊಡ್ಡವ.”

“ಅವರ ತಾಯಿ?”

“ತೀರಿಕೊಂಡು ಆರು ವರ್ಷ ಆಯ್ತು. ಕೊನೇವರೆಗೂ ಅಂಗಡಿಗೆ ಬರ್ಲಿಲ್ಲ. ಇವ ಮದುವೆಯಾದ ಮೇಲೆ ತಾನಾಗಿ ಬರ್ಲಿಕ್ಕೆ ಶುರು ಮಾಡಿದ. ಮೊದಲ ದಿನವೇ ಕೇಳಿದೆ, ನಿನಗೆ ನೆನಪುಂಟಾ ಅಂತ. ಉಂಟು ಅಂದ. ಅಷ್ಟೆ. ಮತ್ತೆ ಆ ಮಾತು ಎತ್ಲಿಲ್ಲ.”

ನನ್ನ ಬಸ್ಸು ಬಂತು, ಕಂಡಕ್ಟರ್ ಸೀಟಿ ಊದಿದ. ಬ್ಯಾಗು ಹೆಗಲಿಗೇರಿಸುವಾಗ ಯಜಮಾನರು ಇನ್ನೊಂದು ಮಾತು ಸೇರಿಸಿದರು.

“ನೀವು ಗಮನಿಸಿದ್ರಾ? ನಾನು ತೂಗುವಾಗ ಅವ ನನ್ನ ಮುಖ ನೋಡುವುದಿಲ್ಲ. ತಕ್ಕಡಿಯನ್ನೇ ನೋಡ್ತಾನೆ. ಇಷ್ಟು ವರ್ಷ ಆದ್ರೂ.”