ಬತ್ತಿಸಿದ ಹಸುವಿಗೇ ಮೊದಲು ಹಸಿರು ಮೇವು

ಕರೆಯುವ ಹಸುವಿಗೆ ಹಸಿ ಮೇವು, ಹಾಲು ಬತ್ತಿಸಿದ ಹಸುವಿಗೆ ಒಣಹುಲ್ಲು. ನಮ್ಮ ಎಷ್ಟೋ ಕೊಟ್ಟಿಗೆಗಳಲ್ಲಿ ನಡೆದುಬಂದ ಲೆಕ್ಕ ಇದು. ಹಾಲೇ ಇಲ್ಲದ ಎರಡು ತಿಂಗಳು ಖರ್ಚೇಕೆ ಎಂದು ರೈತರಿಗೆ ಅನ್ನಿಸುವುದು ಸಹಜ. ಆದರೆ ಈದ ಮೇಲೆ ಮಾಸು ಬೀಳದೆ ಉಳಿಯುವುದು, ಮೊದಲ ವಾರದಲ್ಲೇ ಕೆಚ್ಚಲು ಬಾವು ಬರುವುದು, ಕರು ನಿತ್ರಾಣವಾಗಿ ಹುಟ್ಟುವುದು, ಇವುಗಳ ಬೇರು ಅನೇಕ ಸಲ ಆ ಎರಡು ತಿಂಗಳಲ್ಲೇ ಇರುತ್ತದೆ.

ಹಸುವಿಗೆ ಎಲ್ಲ ವಿಟಮಿನ್‌ಗಳನ್ನೂ ನಾವು ಕೊಡಬೇಕಾಗಿಲ್ಲ. ಬಿ ಗುಂಪಿನವನ್ನೂ ಕೆ ವಿಟಮಿನ್ ಅನ್ನೂ ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಸಿ ಯಕೃತ್ತಿನಲ್ಲಿ ಆಗುತ್ತದೆ, ಡಿ ಬಿಸಿಲಿನಿಂದ ಸಿಗುತ್ತದೆ. ಹೊರಗಿನಿಂದಲೇ ಬರಬೇಕಾದವು ಎ ಮತ್ತು ಇ. ಎರಡಕ್ಕೂ ಹಸಿರು ಮೇವೇ ಮೂಲ. ಕೊಯ್ದ ಹುಲ್ಲು ಬಿಸಿಲಲ್ಲಿ ಒಣಗುತ್ತ ಹೋದಂತೆ ಇವೂ ನಾಶವಾಗುತ್ತವೆ. ರಾಗಿಹುಲ್ಲು, ಭತ್ತದ ಹುಲ್ಲಿನಲ್ಲಿ ಉಳಿದಿರುವುದು ಇಲ್ಲವೆನ್ನುವಷ್ಟು ಕಡಿಮೆ.

ರೋಗನಿರೋಧಕ ಶಕ್ತಿಗೂ ಇದಕ್ಕೂ ಏನು ಸಂಬಂಧ? ಕೆಚ್ಚಲಿಗೆ ಬ್ಯಾಕ್ಟೀರಿಯಾ ನುಗ್ಗಿದಾಗ ಮೊದಲು ಓಡಿಬರುವುದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ. ಅದು ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳನ್ನು ಹುಟ್ಟಿಸಿ ರೋಗಾಣುವನ್ನು ಸುಡುತ್ತದೆ. ಅದೇ ಸಂಯುಕ್ತ ಆ ರಕ್ತಕಣದ ಪೊರೆಯ ಕೊಬ್ಬನ್ನೂ ಸುಡಬಲ್ಲದು. ಪೊರೆಯೊಳಗೆ ಕುಳಿತು ಅದನ್ನು ಕಾಯುವುದು ಇ ವಿಟಮಿನ್. ಜೊತೆಗೆ ಸೆಲೆನಿಯಂ ಬೇಕು, ಏಕೆಂದರೆ ಉಳಿದ ವಿಷವನ್ನು ನಿವಾರಿಸುವ ಕಿಣ್ವ ಅದಿಲ್ಲದೆ ಆಗದು. ಈದ ಮೇಲೆ ಮಾಸು ಕಳಚಿಕೊಳ್ಳುವುದರಲ್ಲೂ ಇಂಥ ರಕ್ಷಣಾ ಕಣಗಳ ಪಾತ್ರವಿದೆ. ಎ ವಿಟಮಿನ್‌ನ ಕೆಲಸ ಬೇರೆ: ಮೊಲೆಯ ನಾಳ, ಗರ್ಭಕೋಶ, ಶ್ವಾಸನಾಳ, ಕರುಳುಗಳ ಒಳಪದರವನ್ನು ಗಟ್ಟಿಯಾಗಿಡುವುದು.

ಈಯುವ ದಿನ ಹತ್ತಿರವಾದಂತೆ ಹಸು ಮೇವು ಕಡಿಮೆ ಮಾಡುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿದ್ದ ಎ, ಇ ಎರಡೂ ಗಿಣ್ಣು ಹಾಲಿಗೆ ಹರಿಯುತ್ತವೆ. ಹೊಟ್ಟೆಯಲ್ಲಿದ್ದಾಗ ಕರುವಿಗೆ ಇವು ಸಿಗುವುದು ತೀರ ಅಲ್ಪ. ಹಾಗಾಗಿ ಗಿಣ್ಣು ಹಾಲನ್ನು ಹುಟ್ಟಿದ ಒಂದೆರಡು ಗಂಟೆಯೊಳಗೇ ಕುಡಿಸತೊಡಗಬೇಕು. 25 ಕೆಜಿ ತೂಕದ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್‌ಗೆ ಕಡಿಮೆಯಾಗಬಾರದು. ಮಾಸು ಬೀಳುವವರೆಗೆ ಕಾಯುವ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಅದನ್ನು ಖಂಡಿತ ಬಿಡಬೇಕು.

ಒಣಮೇವನ್ನೇ ನೆಚ್ಚಿರುವ, 400 ಕೆಜಿ ತೂಕದ ಬತ್ತಿಸಿದ ಹಸುವಿಗೆ ದಿನಕ್ಕೆ ಸುಮಾರು 44,000 ಐಯು ಎ ವಿಟಮಿನ್, 640 ಐಯು ಇ ವಿಟಮಿನ್ ಬೇಕೆಂಬುದು ಅಂಗೀಕೃತ ಲೆಕ್ಕ. ಕೊನೆಯ ಮೂರು ವಾರ ಇ ವಿಟಮಿನ್ ಪ್ರಮಾಣವನ್ನು 1,200 ಐಯುಗೆ ಏರಿಸಬೇಕೆಂಬುದು ಈಚಿನ ಶಿಫಾರಸು. ದಿನವೂ ತಾಜಾ ನೇಪಿಯರ್, ಮುಸುಕಿನ ಜೋಳದ ಹಸಿಮೇವು, ಅಲಸಂದೆ ಸೊಪ್ಪು ತಿನ್ನುವ ಹಸುವಿಗೆ ಹೊರಗಿನಿಂದ ಕೊಡಬೇಕಾದ್ದು ಇದಕ್ಕಿಂತ ಬಹಳ ಕಡಿಮೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ವಿವರ ಓದಿ. ಖನಿಜ ಮಿಶ್ರಣ ಎಂದರೆ ಅದರಲ್ಲಿ ವಿಟಮಿನ್ ಇದೆ ಎಂದೇನೂ ಅಲ್ಲ. ತಯಾರಾದ ತಿಂಗಳನ್ನೂ ನೋಡಿ. ಬಿಸಿಲು, ತೇವ, ಹಳತಾಗುವಿಕೆ ಇವುಗಳಿಂದ ಸತ್ವ ಇಳಿಯುತ್ತದೆ. ಹಾಲು ಇಳಿದಾಗಲೆಲ್ಲ ಬಿ-ಕಾಂಪ್ಲೆಕ್ಸ್ ಟಾನಿಕ್ ತರುವುದು, ಹೊಟ್ಟೆ ಕೆಟ್ಟು ಮೇವು ಬಿಟ್ಟ ಹಸುವಿನ ವಿಷಯದಲ್ಲಿ ಬಿಟ್ಟರೆ, ಹೆಚ್ಚಾಗಿ ದಂಡದ ಖರ್ಚು.

ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂಬುದೂ ಸುಳ್ಳು. ಎ ಮತ್ತು ಡಿ ಮೈಯಲ್ಲಿ ಶೇಖರವಾಗಿ ವಿಷವಾಗಬಲ್ಲವು. ಸೆಲೆನಿಯಂನಲ್ಲಂತೂ ಬೇಕಾದಷ್ಟಕ್ಕೂ ಅಪಾಯಕ್ಕೂ ಅಂತರ ಕಡಿಮೆ, ಅದರ ಇಂಜೆಕ್ಷನ್ ಪಶುವೈದ್ಯರ ಕೈಯಲ್ಲೇ ಆಗಬೇಕು. ಇನ್ನು ಕಾಲುಬಾಯಿ ರೋಗ, ಚರ್ಮಗಂಟು ರೋಗಗಳಿಗೆ ಲಸಿಕೆಯೇ ರಕ್ಷಣೆ. ಯಾವ ವಿಟಮಿನ್ನೂ ಅದರ ಜಾಗ ತುಂಬದು.

ಕೃತಕ ಗರ್ಭಧಾರಣೆ ಮಾಡಿಸಿದ ದಿನಕ್ಕೆ 260 ದಿನ ಕೂಡಿಸಿ, ಆ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಈಯಲು ಆಗ ಸುಮಾರು ಮೂರು ವಾರ ಬಾಕಿ. ಅದಕ್ಕೆ ಮೊದಲೇ ಪಶುವೈದ್ಯರನ್ನು ಕಂಡು ಎ, ಇ ಪ್ರಮಾಣ ಕೇಳಿಕೊಳ್ಳಿ, ಹಸಿರು ಮೇವು ಕಡಿಮೆ ಇದ್ದರೂ ಅದರಲ್ಲಿ ತುಂಬುಗಬ್ಬದ ಹಸುವಿಗೆ ಮೊದಲ ಪಾಲು ಇಡಿ.